ಪಾಲಿಸಿ ಮಾಡಿಸಲು ಹೋಗಿ ನಾನು ಬೆಚ್ಚಿಬಿದ್ದದ್ದು

ಜೀವ ವಿಮೆ, ಆರೋಗ್ಯ ವಿಮೆ, ಅಪಘಾತ ವಿಮೆ, ದನದ ವಿಮೆ, ಎಲ್ಲವನ್ನೂ ಮಾಡಿಸುವ ಏಜೆಂಟ್ ನಾನು. ಸಕಲೇಶಪುರದಲ್ಲಿ ಮನೆ, ಒಂದು ಹಳೇ ಸ್ಕೂಟರ್, ಹೆಗಲಿಗೊಂದು ಬ್ಯಾಗು. ಈ ಕೆಲಸಕ್ಕೆ ಸೇರುವಾಗ 'ಜನರನ್ನ ಒಪ್ಪಿಸೋದು ಭಾರಿ ಕಷ್ಟ' ಅಂತ ಎಲ್ಲರೂ ಹೆದರಿಸಿದ್ದರು. ಒಪ್ಪಿಸುವುದೇನೂ ಕಷ್ಟವಲ್ಲ. ಒಪ್ಪಿದ ಮೇಲೆ ಅವರು ಆಡುವ ಮಾತು ಕೇಳಿ, ಬಿಟ್ಟ ಬಾಯಿ ಮುಚ್ಚಿಕೊಂಡು ವಾಪಸ್ ಬರುವುದೇ ಕಷ್ಟ. ಹದಿನಾಲ್ಕು ವರ್ಷವಾಯಿತು. ಇನ್ನು ಯಾವುದಕ್ಕೂ ಬೆಚ್ಚಿಬೀಳಲ್ಲ ಅಂದುಕೊಂಡ ವಾರವೇ ಇನ್ನೊಂದು ಆಗುತ್ತದೆ.

ಮೊದಲ ಮನೆ

ಹಾಸನದಲ್ಲಿ ಮೂರು ದಿನ ತರಬೇತಿ ಕೊಟ್ಟಿದ್ದರು. ಟೈ ಕಟ್ಟಿಕೊಂಡಿದ್ದ ಒಬ್ಬರು ಒಂದು ಗುಟ್ಟು ಹೇಳಿಕೊಟ್ಟರು. "'ನಾಳೆ ನೀವು ಇಲ್ಲ ಅಂದ್ರೆ ಮನೆಯವರ ಗತಿ ಏನು?' ಅಂತ ಕೇಳಿ. ಕೇಳಿ ಸುಮ್ಮನಾಗಿಬಿಡಿ. ಅವರೇ ಮಾತಾಡೋ ತನಕ ತುಟಿ ಬಿಚ್ಚಬೇಡಿ."

ನಾನು ಆ ಗುಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೆ. ಹೊಸಕೋಟೆ ಕಡೆ ಒಂದು ರೈತರ ಮನೆಗೆ ಹೋದೆ. ನಮ್ಮ ತಾಯಿ ಕಡೆಯಿಂದ ದೂರದ ನೆಂಟರು. ಕಾಫಿ ಕೊಟ್ಟರು, ಕೋಡುಬಳೆ ಕೊಟ್ಟರು. ಯಜಮಾನರು ಎದುರಿಗೆ ಕೂತು, "ಏನವ್ವ ಸಮಾಚಾರ?" ಅಂದರು.

ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳಿಯೇಬಿಟ್ಟೆ. "ನಾಳೆ ನೀವು ಇಲ್ಲ ಅಂದ್ರೆ ಮನೆಯವರ ಗತಿ ಏನು?"

ಕೇಳಿ ಸುಮ್ಮನಾದೆ.

ಯಜಮಾನರು ಲೋಟ ಕೆಳಗಿಟ್ಟರು. ಅಡುಗೆಮನೆಯಿಂದ ಅವರ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ನಾನು ತುಟಿ ಬಿಚ್ಚಲಿಲ್ಲ. ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಯಜಮಾನರ ತಾಯಿ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಮಗನ ಮುಖ ನೋಡಿದರು. ಆಮೇಲೆ "ಅಯ್ಯೋ ನನ್ನ ಕಂದಾ" ಅಂತ ಎದೆ ಬಡಿದುಕೊಂಡು ಅಳುವುದಕ್ಕೆ ಶುರು ಮಾಡಿದರು.

ಕ್ಷಣದಲ್ಲಿ ಅಕ್ಕಪಕ್ಕದ ನಾಲ್ಕು ಮನೆಯ ಹೆಂಗಸರು ಓಡಿ ಬಂದರು. ಯಜಮಾನರು ಕುರ್ಚಿಯಲ್ಲಿ ಕೂತಿದ್ದರೂ ಒಬ್ಬರು ಅವರನ್ನೇ, "ಯಾರು ಹೋಗಿದ್ದು?" ಅಂತ ಕೇಳಿದರು.

"ಇನ್ನೂ ಹೋಗಿಲ್ಲ, ನಾಳೆಯಂತೆ. ಈ ಹುಡ್ಗಿ ಸಕಲೇಶಪುರದಿಂದ ಬಂದು ಹೇಳ್ತಾವ್ಳೆ," ಅಂದರು ಅಜ್ಜಿ.

ನಾನು ಬ್ಯಾಗಿನಿಂದ ಕಾಗದ ಹೊರಗೆಳೆದು, ಇದು ಶಾಸ್ತ್ರ ಅಲ್ಲ, ವಿಮೆ, ನಾಳೆ ಅಂದರೆ ನಿಜವಾದ ನಾಳೆ ಅಲ್ಲ ಅಂತ ಬೇಡಿಕೊಂಡೆ. ಅಜ್ಜಿ ಉಪ್ಪು ಮೆಣಸಿನಕಾಯಿ ತಂದು ಮಗನಿಗೆ ದೃಷ್ಟಿ ತೆಗೆದರು. 'ಇವಳ ಬಾಯಿಗೂ ಒಂದಿರ್ಲಿ' ಅಂತ ನನಗೂ ತೆಗೆದರು.

ಎಲ್ಲರೂ ಹೋದ ಮೇಲೆ ಯಜಮಾನರು ಬೆವರು ಒರೆಸಿಕೊಂಡು ಫಾರಂ ಹತ್ತಿರಕ್ಕೆ ಎಳೆದುಕೊಂಡರು. "ಎಷ್ಟಕ್ಕಾದ್ರೂ ಬರ್ಕೊಳವ್ವ, ಬೇಡ ಅನ್ನಲ್ಲ. ಅದೇನೋ ನಾಳೆ ಅಂದ್ಯಲ್ಲ, ಅದೊಂದನ್ನ ಮಾತ್ರ ಮುಂದಕ್ಕೆ ಹಾಕ್ಬುಡು."

ವಂಶದ ಕಾಯಿಲೆ

ಆಲೂರು ಕಡೆಯ ಒಬ್ಬ ಹುಡುಗ. ಮದುವೆಯಾಗಿ ಆರು ತಿಂಗಳು, ನಾಲ್ಕು ಎಕರೆ ಕಾಫಿ. ಹೆಂಡತಿ ಹೆಸರಿಗೆ ಏನಾದರೂ ಇರಲಿ ಅಂತ ತಾನೇ ಫೋನು ಮಾಡಿ ಕರೆಸಿಕೊಂಡಿದ್ದ. ಇಂಥ ಗಿರಾಕಿ ಸಿಗುವುದೇ ಅಪರೂಪ.

ಫಾರಂ ತುಂಬಿಸುತ್ತ ಬಂದೆ. "ತಂದೆ ಇದ್ದಾರಾ?"

"ಇಲ್ಲ ಅಕ್ಕ. ನಾನು ಸಣ್ಣವ್ನಿದ್ದಾಗ್ಲೇ ಹೋಗ್ಬುಟ್ರು."

"ಏನಾಗಿತ್ತು?"

"ಆನೆ."

ಪೆನ್ನು ನಿಂತಿತು. ಸಕ್ಕರೆ ಕಾಯಿಲೆ ಅಂದ ಹಾಗೆ ಅಂದಿದ್ದ. ಫಾರಂನಲ್ಲಿ ಮುಂದಿನ ಪ್ರಶ್ನೆ ಇನ್ನೂ ಕಷ್ಟದ್ದು: ಇದೇ ಕಾರಣದಿಂದ ವಂಶದಲ್ಲಿ ಬೇರೆ ಯಾರಾದರೂ ತೀರಿಕೊಂಡಿದ್ದಾರೆಯೇ? ಕೇಳಬೇಕೋ ಬೇಡವೋ ಅಂತ ಅಳುಕುತ್ತಲೇ ಕೇಳಿದೆ.

"ನಮ್ಮಜ್ಜ," ಅಂದ. "ಅವ್ರಿಗೂ ಆನೆಯೇ. ಗದ್ದೆ ಕಾಯಕ್ಕೆ ಹೋಗಿದ್ರು."

"ಅಣ್ಣತಮ್ಮಂದಿರು?"

"ಒಬ್ಬ ಅಣ್ಣ, ಆರೋಗ್ಯವಾಗವ್ನೆ. ಅವ್ನು ಹಾಸನದಲ್ಲಿರೋದು. ಅಲ್ಲಿ ಆನೆ ಕಮ್ಮಿ."

ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ತಂದೆ: ಎಲಿಫೆಂಟ್. ಅಜ್ಜ: ಎಲಿಫೆಂಟ್.

ಎರಡು ವಾರದ ಮೇಲೆ ಬೆಂಗಳೂರಿನ ಕಚೇರಿಯಿಂದ ಒಬ್ಬರು ಫೋನು ಮಾಡಿದರು. ತುಂಬ ಗಂಭೀರವಾದ ದನಿ. "ಮೇಡಂ, ಈ ಕೇಸಲ್ಲಿ ತಂದೆಗೂ ಅಜ್ಜನಿಗೂ ಒಂದೇ ಕಾಯಿಲೆ ಇದೆ. ವಂಶಪಾರಂಪರ್ಯ ಇರಬಹುದು. ಹುಡುಗನಿಗೆ ಆನೆಕಾಲು ರೋಗದ ಟೆಸ್ಟ್ ಮಾಡಿಸಿ ಕಳಿಸಿ."

"ಸಾರ್, ಅದು ಕಾಯಿಲೆ ಅಲ್ಲ. ಪ್ರಾಣಿ."

ಆ ಕಡೆ ಹಾಳೆ ತಿರುವಿದ ಸದ್ದು. "ಪ್ರಾಣಿಯಿಂದ ಹರಡತ್ತಾ? ಸೊಳ್ಳೆ ಅಲ್ವಾ ಮೇಡಂ?"

"ಹರಡೋದಲ್ಲ ಸಾರ್, ತುಳಿಯೋದು."

"ಏನೇ ಇರಲಿ, ಸಿಸ್ಟಮ್ಮು ಮೆಡಿಕಲ್ ಕೇಳ್ತಾ ಇದೆ. ಎರಡೂ ಕಾಲಿನ ರಿಪೋರ್ಟ್ ಕಳಿಸಿ."

ಸಿಸ್ಟಮ್ಮಿನ ಎದುರು ಯಾರು ವಾದ ಮಾಡುತ್ತಾರೆ? ಹುಡುಗನನ್ನು ಸಕಲೇಶಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಾದ ಡಾಕ್ಟರು. ವಿಷಯ ಕೇಳಿ ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡು ನಕ್ಕರು. ಆದರೂ ಟೇಪು ಹಿಡಿದು ಎರಡು ಕಾಲನ್ನೂ ಅಳೆದರು, ಮೊಣಕಾಲು ಮಡಚಿ ನೋಡಿದರು.

"ಕಾಲು ಗಟ್ಟಿಯಾಗೈತೆ ಮಾರಾಯ. ಆನೆ ಬಂದ್ರೆ ಓಡಲು ಯೋಗ್ಯ ಅಂತ ಬರೆದುಬಿಡ್ಲಾ?"

ಹುಡುಗ ನಗಲಿಲ್ಲ. ಯೋಚನೆ ಮಾಡಿ ಹೇಳಿದ. "ಏರಿನಲ್ಲಿ ಆಗಲ್ಲ ಸಾರ್. ಇಳಿಜಾರಲ್ಲಿ ಮಾತ್ರ ಅಂತ ಬರೀರಿ."

ಯಾರ ಮೇಲೆ?

ಹೆತ್ತೂರು ಹೋಬಳಿಯ ಒಂದು ಮನೆ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಗಂಡನ ತಾಯಿ. ತೋಟದ ಪಹಣಿ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇತ್ತು. ಒಂದೇ ಒಂದು ಪಾಲಿಸಿ ಮಾಡಿಸುವ ಶಕ್ತಿ ಇದೆ, ಯಾರ ಮೇಲೆ ಮಾಡಿಸಿದರೆ ಸರಿ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ನಾನು ಎಲ್ಲರಿಗೂ ಹೇಳುವುದನ್ನೇ ಹೇಳಿದೆ. "ಯಾರಿಲ್ಲದಿದ್ರೆ ಮನೆ ನಿಂತುಹೋಗತ್ತೋ, ಅವರ ಮೇಲೆ ಮಾಡಿಸಬೇಕು."

ಗಂಡ ಅಂಗಿಯ ಕಾಲರು ಸರಿಮಾಡಿಕೊಂಡು, ಜೇಬಿನಿಂದ ಆಧಾರ್ ಕಾರ್ಡು ತೆಗೆದು ಟೀಪಾಯಿ ಮೇಲಿಟ್ಟರು. "ಬರ್ಕೊಳಿ."

ಗೋಡೆಗೊರಗಿ ಕಾಲು ಚಾಚಿ ಕೂತಿದ್ದ ಅಜ್ಜಿ ಕೇಳಿದರು. "ನೀನಿಲ್ದಿದ್ರೆ ಏನ್ಲಾ ನಿಲ್ತದೆ?"

ಗಂಡನಿಗೂ ಗಾಬರಿ, ನನಗೂ ಗಾಬರಿ. ಹೆತ್ತ ತಾಯಿ ಕೇಳುವ ಮಾತೇ ಇದು!

"ಏನವ್ವ ಹಂಗಂತೀಯ? ತೋಟ ನಿಲ್ತದೆ."

"ಆಳುಗಳಿಗೆ ಕೆಲ್ಸ ಹೇಳೋರ್ಯಾರು?"

"ಅವ್ಳು."

"ಹಾಲು ಕರೆಯೋದು?"

"ಅವ್ಳು."

"ಕಣದಲ್ಲಿ ಕಾಫಿ ಹರವಿ, ಮಳೆ ಬಂದ್ರೆ ಓಡೋಗಿ ಟಾರ್ಪಾಲು ಹೊದ್ಸೋದು?"

"ಅವ್ಳೇ. ಆದ್ರೆ ಟಾರ್ಪಾಲು ತಂದಿದ್ದು ನಾನಲ್ವ?"

ಅಜ್ಜಿ ಬಿಡಲಿಲ್ಲ. "ಹೋದ್ವರ್ಷ ನೀನು ಯಾತ್ರೆಗೆ ಅಂತ ಹದಿನೈದು ದಿನ ಹೋಗಿದ್ದೆ. ಏನಾದ್ರೂ ನಿಂತೋಗಿತ್ತಾ? ಇವ್ಳು ತವರಿಗೆ ಅಂತ ಮೂರು ದಿನ ಹೋದ್ಲು. ಹಸ ಒದ್ದು ನಿನ್ನ ಸೊಂಟ ಹಿಡ್ಕೊಂತು, ಮೋಟ್ರು ಸುಟ್ಟೋಯ್ತು, ಮಕ್ಳು ಮೂರ್ಹೊತ್ತೂ ಅವಲಕ್ಕಿ ತಿಂದ್ವು. ಹೌದೋ ಅಲ್ವೋ?"

ಗಂಡ ಸೊಂಟ ಸವರಿಕೊಂಡರು. ಅಷ್ಟರಲ್ಲಿ ಅಡುಗೆಮನೆಯಿಂದ ಸೊಸೆ ಬಂದರು. ಕೈ ಒರೆಸಿಕೊಂಡು, ಗಂಡನ ಆಧಾರ್ ಕಾರ್ಡನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ತಮ್ಮದನ್ನು ಇಟ್ಟರು. ಜೊತೆಗೆ ಎರಡು ಫೋಟೋ, ಪಹಣಿಯ ಜೆರಾಕ್ಸು. ಎಲ್ಲ ಮೊದಲೇ ರೆಡಿ ಮಾಡಿಟ್ಟುಕೊಂಡಿದ್ದರು ಅಂತ ಕಾಣುತ್ತದೆ.

ನಾನು ಬರೆದುಕೊಂಡೆ. ಗಂಡ ತಮ್ಮ ಕಾರ್ಡನ್ನು ವಾಪಸ್ ಜೇಬಿಗೆ ಹಾಕಿಕೊಂಡು ಸಣ್ಣ ದನಿಯಲ್ಲಿ ಕೇಳಿದರು. "ಹಂಗಾದ್ರೆ ನಾನು ನಾಮಿನಿನಾದ್ರೂ ಆಗ್ಬೋದಾ ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಅಂದರು. "ಅದುನ್ನೂ ಅವ್ಳನ್ನೇ ಕೇಳು."

ಬಾಳೆ ಎಲೆಯ ಪೊಟ್ಟಣ

ಇದು ಚಿಕ್ಕದು. ದನದ ವಿಮೆ ಮಾಡಿಸುವಾಗ ಹಸುವಿನ ಕಿವಿಗೆ ನಂಬರಿರುವ ಟ್ಯಾಗ್ ಹಾಕುತ್ತಾರೆ. ಆ ಟ್ಯಾಗ್ ಕಳೆದುಹೋದರೆ ಕ್ಲೇಮ್ ಇಲ್ಲ. ಹಾಗಾಗಿ ನಾನು ಪ್ರತಿಯೊಬ್ಬರಿಗೂ ಎರಡೆರಡು ಸಲ ಒತ್ತಿ ಹೇಳುತ್ತೇನೆ. "ಯಾವ ಕಾರಣಕ್ಕೂ ಕಿವಿಯಿಂದ ಟ್ಯಾಗ್ ತೆಗೀಬಾರದು."

ಒಂದು ಬೆಳಗ್ಗೆ ಆಲೂರು ಕಡೆಯ ಒಬ್ಬರು ಮನೆಗೆ ಬಂದರು. ಕೈಯಲ್ಲಿ ಬಾಳೆ ಎಲೆಯ ಪೊಟ್ಟಣ. ಮಳೆಗಾಲ. ನನಗೆ ಕಳಲೆಯೋ ಅಣಬೆಯೋ ತಂದಿರಬೇಕು ಅನ್ನಿಸಿ ಸಂತೋಷವಾಯಿತು. ಹಳ್ಳಿಯವರು ಬರಿಗೈಯಲ್ಲಿ ಬರುವುದಿಲ್ಲವಲ್ಲ. "ಅಯ್ಯೋ, ಇದೆಲ್ಲ ಯಾಕೆ ತರಕ್ಕೆ ಹೋದ್ರಿ," ಅನ್ನುತ್ತಲೇ ಪೊಟ್ಟಣ ಇಸಕೊಂಡು ಬಿಚ್ಚಿದೆ.

ಒಳಗೆ ಒಂದು ಕಿವಿ ಇತ್ತು. ಟ್ಯಾಗಿನ ಸಮೇತ.

ನಾನು ಕಿರುಚಿದ್ದಕ್ಕೆ ಎದುರು ಮನೆಯ ನಾಯಿ ಬೊಗಳತೊಡಗಿತು. ಅವರು ಪಾಪ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದರು. "ನಿನ್ನೆ ಹೋಗ್ಬುಡ್ತು ಕಣಕ್ಕ, ಒಳ್ಳೇ ಹಸ. ಕಿವಿಯಿಂದ ಟ್ಯಾಗ್ ತೆಗೀಬಾರ್ದು ಅಂದಿದ್ರಲ್ಲ, ಅದುಕ್ಕೇ ಡಾಕ್ಟ್ರ ಕೈಲಿ ಹಸದಿಂದ ಕಿವಿ ತೆಗೆಸ್ದೆ."

ಸಂಬಂಧದ ಕಾಲಂ

ಸಕಲೇಶಪುರದ ಹತ್ತಿರ ಒಬ್ಬರು ದೊಡ್ಡ ಎಸ್ಟೇಟಿನ ಸಾಹುಕಾರರು. ಐವತ್ತೈದು ದಾಟಿದೆ, ಮದುವೆಯಾಗಿಲ್ಲ. ಜೀಪು ಓಡಿಸುವುದು ಜೋರು. ಅಪಘಾತ ವಿಮೆ ಮಾಡಿಸಲು ಕರೆಸಿದ್ದರು.

"ನಾಮಿನಿ ಯಾರು ಸಾರ್?"

ಅವರು ಪಕ್ಕದ ಎಸ್ಟೇಟಿನ ಮಾಲೀಕರ ಹೆಸರು ಹೇಳಿದರು.

ನಾನು ತಪ್ಪು ಕೇಳಿಸಿಕೊಂಡೆ ಅಂದುಕೊಂಡೆ. ಈ ಇಬ್ಬರ ಬೇಲಿ ಜಗಳ ಹದಿನೆಂಟು ವರ್ಷದಿಂದ ಕೋರ್ಟಿನಲ್ಲಿದೆ. ಒಬ್ಬರ ಜೀಪು ಬಂದರೆ ಇನ್ನೊಬ್ಬರ ಜೀಪು ದಾರಿ ಬಿಡುವುದಿಲ್ಲ ಅಂತ ತಾಲೂಕಿಗೇ ಗೊತ್ತು.

"ಸಾರ್, ಅವ್ರಿಗೂ ನಿಮಗೂ ಆಗಲ್ಲ ಅಲ್ವಾ?"

"ಆಗಲ್ಲ."

"ಮತ್ತೆ?"

ಅವರು ಕಿಟಕಿಯಾಚೆ ನೋಡುತ್ತ ಹೇಳಿದರು. "ನನ್ನ ಅಣ್ಣನ ಮಕ್ಕಳು ಮದುವೆ ಕಾರ್ಡು ಕೊಡಕ್ಕೆ ಮಾತ್ರ ಬರ್ತಾರೆ. ನೆಂಟರು ಕಾಫಿ ರೇಟು ಏರಿದ ವರ್ಷ ಮಾತ್ರ ಬರ್ತಾರೆ. ಹದಿನೆಂಟು ವರ್ಷದಿಂದ ತಪ್ಪದೆ ನನ್ನ ಮುಖ ನೋಡಕ್ಕೆ ಬರೋನು ಅವನೊಬ್ಬನೇ ಕಣಮ್ಮ. ಕೋರ್ಟಿಗಾದ್ರೂ ಸರಿ, ಬರ್ತಾನೆ. ಹೋದ ಸಲ ನಂಗೆ ಜ್ವರ ಇತ್ತು. 'ಅವನಿಗೆ ಹುಷಾರಿಲ್ಲ, ಮುಂದಿನ ತಾರೀಕು ಕೊಡಿ' ಅಂತ ಜಡ್ಜ್ ಹತ್ರ ಅವನೇ ಕೇಳಿದ."

ನಾನು ಮುಂದಿನ ಕಾಲಂ ತೋರಿಸಿದೆ. "ಸಂಬಂಧ ಏನಂತ ಬರೀಲಿ ಸಾರ್?"

"ಪ್ರತಿವಾದಿ ಅಂತ ಬರಿ."

ಬರೆದೆ. ಕಚೇರಿಯವರು ಒಂದೇ ವಾರದಲ್ಲಿ ವಾಪಸ್ ಕಳಿಸಿದರು. ಇಂಥ ಸಂಬಂಧ ನಮ್ಮ ಪಟ್ಟಿಯಲ್ಲಿಲ್ಲ, ಮನೆಯವರ ಹೆಸರು ಕೊಡಿಸಿ ಅಂತ. ಸಾಹುಕಾರರು ಒಲ್ಲದ ಮನಸ್ಸಿನಿಂದ ತಂಗಿಯ ಮಗಳ ಹೆಸರು ಕೊಟ್ಟರು.

ಮುಂದಿನ ವಾರ ನಾನು ಅದೇ ರಸ್ತೆಯಲ್ಲಿ ಹೋಗುತ್ತಿದ್ದಾಗ ಪಕ್ಕದ ಎಸ್ಟೇಟಿನ ಗೇಟಿನ ಮುಂದೆ ಒಬ್ಬರು ಕೈ ಅಡ್ಡ ಹಿಡಿದು ಸ್ಕೂಟರ್ ನಿಲ್ಲಿಸಿದರು. ಪ್ರತಿವಾದಿಯೇ. ಮುಖ ಕೆಂಪಗಾಗಿತ್ತು.

"ಅವನು ನನ್ನ ಹೆಸರು ಕೊಟ್ಟಿದ್ದನಂತೆ? ನೀವು ತೆಗೆದುಹಾಕಿದ್ರಂತೆ? ಮೊನ್ನೆ ಕೋರ್ಟಲ್ಲಿ ಹೇಳಿದ."

"ನಾನಲ್ಲ ಸಾರ್, ಕಚೇರಿಯವರು. ನಿಮ್ಮಿಬ್ಬರದು ಸಂಬಂಧವೇ ಅಲ್ಲವಂತೆ."

"ಸಂಬಂಧ ಅಲ್ವಾ?" ಅಂದರು. "ಹದಿನೆಂಟು ವರ್ಷ! ಯಾವ ಕಚೇರಿ ಅದು, ವಿಳಾಸ ಕೊಡಿ. ಅವರ ಮೇಲೂ ಕೇಸು ಹಾಕ್ತೀನಿ."

ನಮ್ಮನೆಯ ಫಾರಂ

ಇದನ್ನು ಹೇಳಬಾರದು ಅಂತಿದ್ದೆ. ಆದರೆ ಪೇಟೆಗೆಲ್ಲ ಗೊತ್ತಾಗಿಹೋಗಿದೆ. ನಾನು ಹೇಳದಿದ್ದರೆ ಬೇರೆಯವರು ಇನ್ನೆರಡು ಸೇರಿಸಿ ಹೇಳುತ್ತಾರೆ.

ನಮ್ಮ ಯಜಮಾನರು ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಹಾಕುವುದು, ಕೆಲಸ ನೋಡಿಕೊಳ್ಳುವುದು, ಇಡೀ ದಿನ ತೋಟದಲ್ಲೇ. ಸಾಧು ಮನುಷ್ಯ. ಯಾವ ಚಟವೂ ಇಲ್ಲ. ಸಂಜೆ ಮನೆಗೆ ಬರುವಾಗ ಬಾಯಲ್ಲಿ ಎರಡು ಏಲಕ್ಕಿ ಹಾಕಿಕೊಂಡಿರುತ್ತಾರೆ, ಅಷ್ಟೆ. 'ಎಷ್ಟು ಒಳ್ಳೇ ಅಭ್ಯಾಸ ನೋಡಿ' ಅಂತ ನಾನು ಅಕ್ಕಪಕ್ಕದವರ ಗಂಡಂದಿರಿಗೆಲ್ಲ ಬುದ್ಧಿ ಹೇಳಿದ್ದೇನೆ.

ನನಗಿದ್ದದ್ದು ಒಂದೇ ಬೇಜಾರು. ಊರಿಗೆಲ್ಲ ಆರೋಗ್ಯ ವಿಮೆ ಮಾಡಿಸಿದವಳು ನಮ್ಮನೆಗೆ ಮಾಡಿಸಲು ಆಗಿರಲಿಲ್ಲ. ನಾನು ಫಾರಂ ತೆಗೆದ ಕೂಡಲೇ ಅವರಿಗೆ ತೋಟದಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. "ಮುಂದಿನ ತಿಂಗಳು ನೋಡೋಣ ಕಣೇ," ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದರು. ಎಷ್ಟು ವರ್ಷ ಹೀಗೇ ನಡೆಯಿತೋ. ಜಿಪುಣತನ ಅಂದುಕೊಂಡು ನಾನೂ ಕೇಳುವುದನ್ನು ಬಿಟ್ಟಿದ್ದೆ.

ಹೋದ ಮಳೆಗಾಲದಲ್ಲಿ ಎಸ್ಟೇಟಿನ ಸ್ಟೋರಿನ ಮೆಟ್ಟಿಲ ಮೇಲೆ ಪಾಚಿ ಕಟ್ಟಿತ್ತು. ಯಜಮಾನರು ಜಾರಿ ಬಿದ್ದರು. ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು. ಎಸ್ಟೇಟಿನ ಜೀಪಿನಲ್ಲಿ ಮಲಗಿಸಿಕೊಂಡು ಹಾಸನದ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವರು ಹಲ್ಲು ಕಚ್ಚಿಕೊಂಡಿದ್ದರು, ನಾನು ಅಳುತ್ತಿದ್ದೆ.

ಕೌಂಟರಿನಲ್ಲಿದ್ದ ಹುಡುಗಿ ಆಪರೇಷನ್ ಆಗಬೇಕು ಅಂತ ಹೇಳಿ, ತಲೆಯೆತ್ತದೆ ಕೇಳಿದಳು. "ಇನ್ಶೂರೆನ್ಸ್ ಇದೆಯಾ ಮೇಡಂ?"

ಹದಿನಾಲ್ಕು ವರ್ಷದ ಏಜೆಂಟ್ ನಾನು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಇಲ್ಲ ಅನ್ನಲು ಬಾಯಿ ತೆರೆದೆ.

"ಐತೆ," ಅಂತ ಸ್ಟ್ರೆಚರಿನಿಂದ ದನಿ ಬಂತು. "ಪರ್ಸಿನಲ್ಲಿ ಕಾರ್ಡ್ ಐತೆ."

ನೋವು ತಲೆಗೇರಿತು ಅಂದುಕೊಂಡೆ. ಆದರೂ ಪರ್ಸು ತೆಗೆದೆ. ದೇವರ ಫೋಟೋದ ಹಿಂದೆ ನಿಜವಾಗಿಯೂ ಒಂದು ಕಾರ್ಡಿತ್ತು. ನಾನು, ಅವರು, ಮಗಳು, ಮೂವರ ಹೆಸರೂ ಅದರಲ್ಲಿತ್ತು. ನಾಲ್ಕು ವರ್ಷದಿಂದ ತಪ್ಪದೆ ಕಟ್ಟಿಕೊಂಡು ಬಂದಿದ್ದಾರೆ. ಕೆಳಗೆ ಏಜೆಂಟಿನ ಹೆಸರು. ಆಲೂರಿನವನು. ಹದಿನಾಲ್ಕು ವರ್ಷದಿಂದ ನನ್ನ ಗಿರಾಕಿಗಳನ್ನು ಎಳೆದುಕೊಳ್ಳಲು ನೋಡುತ್ತಿರುವ ಅದೇ ಮನುಷ್ಯ!

ಫೋನು ಮಾಡಿದ ಮುಕ್ಕಾಲು ಗಂಟೆಯಲ್ಲಿ ಅವನು ಫೈಲು ಹಿಡಿದುಕೊಂಡು ಬಂದ. ನನ್ನ ಮುಖ ನೋಡಲಿಲ್ಲ. "ಅಕ್ಕ, ತಪ್ಪು ತಿಳ್ಕೋಬೇಡಿ. ಅಣ್ಣನೇ ಬಂದು ಮಾಡಿಸ್ಕೊಂಡಿದ್ದು," ಅಂದ. ಆಸ್ಪತ್ರೆಯವರಿಗೆ ಬೇಕಾದ ಹಾಳೆ ತೆಗೆಯಲು ಫೈಲು ಬಿಚ್ಚಿದ. ಏಜೆಂಟರ ಕಣ್ಣಿಗೆ ಫಾರಂ ಕಂಡರೆ ಓದದೆ ಇರಲು ಆಗುತ್ತದೆಯೇ? ಓದಿದೆ.

ನನ್ನ ತೂಕ ಸರಿಯಾಗಿ ಬರೆಸಿದ್ದರು. ನಾನು ಯಾರಿಗೂ ಹೇಳದ ತೂಕ. ಅದನ್ನು ಹೇಗೋ ನುಂಗಿಕೊಂಡೆ. ಅದರ ಕೆಳಗೆ ಯಜಮಾನರ ಕಾಲಂ.

ಧೂಮಪಾನ: ಹೌದು. ದಿನಕ್ಕೆ ಆರು ಸಿಗರೇಟು. ಹದಿನೆಂಟು ವರ್ಷದಿಂದ.

ಅವರು ಅದನ್ನು ಬರೆಸಿದಾಗ ನಮ್ಮ ಮದುವೆಯಾಗಿ ಹದಿನೈದು ವರ್ಷವಾಗಿತ್ತು.

ನಾನು ಆ ಹಾಳೆಯನ್ನು ಮೂರು ಸಲ ಓದಿದೆ. ಬೇರೆ ಯಾರದ್ದೋ ಫಾರಂ ಸೇರಿಕೊಂಡಿದೆ ಅಂದೆ. ಕೆಳಗೆ ಅವರದೇ ಸಹಿ. ಬಾಯಲ್ಲಿ ಏಲಕ್ಕಿ ಹಾಕಿಕೊಂಡು ಮನೆಯೊಳಗೆ ಬರುತ್ತಿದ್ದ ಒಂದೊಂದು ಸಂಜೆಯೂ ಕಣ್ಣ ಮುಂದೆ ಬಂತು.

ಕೌಂಟರಿನ ಹುಡುಗಿ ಹಾಳೆಯನ್ನೆಲ್ಲ ಕಂಪ್ಯೂಟರಿಗೆ ಹಾಕಿ ಕಳಿಸಿದಳು. ಮಧ್ಯಾಹ್ನದೊಳಗೆ ಒಪ್ಪಿಗೆ ಬಂತು. "ಎಲ್ಲ ನಿಜ ಬರೆದಿದ್ದಾರೆ ಮೇಡಂ, ಏನೂ ತೊಂದರೆ ಇಲ್ಲ. ಇಷ್ಟು ಸತ್ಯವಂತರು ಸಿಗೋದು ಕಷ್ಟ," ಅಂದಳು.

ನಾನು ಆ ಸತ್ಯವಂತರ ಸ್ಟ್ರೆಚರಿನ ಪಕ್ಕಕ್ಕೆ ಹೋಗಿ ನಿಂತೆ. ಅವರು ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆ ಮಾಡುತ್ತಿಲ್ಲ ಅಂತ ರೆಪ್ಪೆ ನೋಡಿದರೇ ಗೊತ್ತಾಗುತ್ತಿತ್ತು.

"ಕಣ್ಬಿಡ್ರೀ," ಅಂದೆ. "ಮನೇಲಿ ಕಟ್ಟಿಕೊಂಡ ಹೆಂಡ್ತಿ ಏಜೆಂಟ್ ಇದ್ದಾಳೆ. ಅವಳನ್ನ ಬಿಟ್ಟು ಆಲೂರಿಗೆ ಹೋಗಿ ಮಾಡಿಸ್ಕೊಂಡು ಬಂದಿದ್ದೀರಲ್ಲ, ಯಾಕೆ?"

ಅವರು ಒಂದು ಕಣ್ಣು ಮಾತ್ರ ಬಿಟ್ಟರು.

"ಫಾರಂನಲ್ಲಿ ಸುಳ್ಳು ಬರೆಸಿದ್ರೆ ಕ್ಲೇಮ್ ಸಿಗಲ್ಲ ಅಂತ ಮನೆಗೆ ಬಂದೋರಿಗೆಲ್ಲ ನೀನೇ ಹೇಳ್ತೀಯ. ನಿನ್ನ ಹತ್ರ ನಿಜ ಬರೆಸಿದ್ರೆ," ಅಂತ ಮುರಿದ ಕಾಲನ್ನು ತೋರಿಸಿದರು, "ಇದು ಅವತ್ತೇ ಆಗಿರೋದು."